ಮಾಡಿನ ಮೇಲೆ ಸತು, ಹೊಳೆಯಲ್ಲಿ ಸಾಲ್ಮನ್

ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 950 ಮಿಲಿಮೀಟರ್. ಬೆಂಗಳೂರಿನದೂ ಹೆಚ್ಚುಕಡಿಮೆ ಅಷ್ಟೇ. ಊರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ವ್ಯತ್ಯಾಸವಿರುವುದು ಮಳೆ ಬೀಳುವ ರೀತಿಯಲ್ಲಿ. ಬೆಂಗಳೂರಿನ ಮಳೆ ಸಂಜೆ ಒಂದು ಗಂಟೆ ಧೋ ಎಂದು ಸುರಿದು ಹೋಗುತ್ತದೆ, ಮರುದಿನ ಬಿಸಿಲು ಕಾಯುತ್ತದೆ. ಇಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಿನುಗು, ಮೋಡ, ಮತ್ತೆ ಜಿನುಗು. ಉತ್ತರಕ್ಕೆ ಮುಖ ಮಾಡಿದ ಮಾಡು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಪಕ್ಕದಲ್ಲಿ ನಾಲ್ಕು ಡಗ್ಲಸ್ ಫರ್ ಮರಗಳಿದ್ದರಂತೂ ಮುಗಿಯಿತು. ಮನೆ ಕಟ್ಟಿ ಹತ್ತು ವರ್ಷವಾಗುವ ಹೊತ್ತಿಗೆ ಶಿಂಗಲ್‌ಗಳ ಸಂದಿಯಲ್ಲಿ ಹಸಿರು ಮೆತ್ತೆ ಎದ್ದಿರುತ್ತದೆ.

ಸಮಾಮಿಶ್, ಬಾಥೆಲ್, ರೆಡ್ಮಂಡ್, ಇಸಕ್ವಾ ಕಡೆ ಮನೆ ಮಾಡಿಕೊಂಡ ಕನ್ನಡದವರಲ್ಲಿ ಮಲೆನಾಡಿನವರಿಗೆ ಪಾಚಿ ಹೊಸದೇನಲ್ಲ. ಅಂಗಳದ ಪಾಚಿಗೆ ಸುಣ್ಣ ಎರಚಿ, ಹೆಂಚಿನ ಪಾಚಿಯನ್ನು ಮಳೆಗಾಲದ ಮುಂಚೆ ಕೆರೆದು ಬೆಳೆದವರು. ಆದರೆ ಇಲ್ಲಿನ ಮಾಡು ಮಂಗಳೂರು ಹೆಂಚಿನದಲ್ಲ. ಡಾಂಬರು ಹಾಳೆಯ ಮೇಲೆ ಸಣ್ಣ ಕಲ್ಲಿನ ಹರಳು ಅಂಟಿಸಿದ ಶಿಂಗಲ್. ಕೆರೆದರೆ ಹರಳು ಉದುರುತ್ತದೆ, ಬಿಟ್ಟರೆ ಪಾಚಿ ಶಿಂಗಲ್‌ನ ಅಂಚನ್ನು ಎತ್ತಿ ಒಳಗೆ ನೀರು ಎಳೆಯುತ್ತದೆ. ಹೀಗಾಗಿ ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಅಂಗಡಿಯ ಒಂದೇ ಸಾಲಿನ ಮುಂದೆ. ಅಲ್ಲಿ ಸತುವಿನ ಎರಡು ರೂಪಗಳಿವೆ. ಒಂದು, ಡಬ್ಬಿಯಲ್ಲಿ ಬರುವ ಬಿಳಿ ಪುಡಿ, ಅಂದರೆ ಜಿಂಕ್ ಸಲ್ಫೇಟ್. ಇನ್ನೊಂದು, ಸುರುಳಿ ಸುತ್ತಿದ ಸತುವಿನ ಪಟ್ಟಿ. ಎರಡೂ ಕೊಲ್ಲುವುದು ಒಂದೇ ವಿಷದಿಂದ, ನೀರಿನಲ್ಲಿ ಕರಗಿದ ಸತುವಿನ ಅಯಾನಿನಿಂದ. ಪುಡಿ ಅದನ್ನು ಒಂದೇ ಮಳೆಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ, ಪಟ್ಟಿ ಹತ್ತಾರು ವರ್ಷ ತೊಟ್ಟುತೊಟ್ಟಾಗಿ ಕೊಡುತ್ತದೆ. ಸತುವಿನ ವಿಚಾರದಲ್ಲಿ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಅದು ಎಷ್ಟು ಬೇಗ ಬಿಡುಗಡೆಯಾಗುತ್ತದೆ, ಬಿಡುಗಡೆಯಾದದ್ದು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳೇ ಮುಖ್ಯ.

ಕರಗುವ ಸತು, ಕರಗದ ಸತು

ಜಿಂಕ್ ಸಲ್ಫೇಟ್ ನೀರು ಕಂಡರೆ ಸಾಕು, ಕರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ನೂರು ಮಿಲಿ ನೀರು ಐವತ್ತು ಗ್ರಾಂಗೂ ಹೆಚ್ಚು ಸಲ್ಫೇಟನ್ನು ಹಿಡಿದುಕೊಳ್ಳುತ್ತದೆ. ಜಿಂಕ್ ಆಕ್ಸೈಡ್ ಇದಕ್ಕೆ ತದ್ವಿರುದ್ಧ. ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗುವುದು ಒಂದೆರಡು ಮಿಲಿಗ್ರಾಂ ಮಾತ್ರ. ಕಾರ್ಬೋನೇಟ್, ಫಾಸ್ಫೇಟ್‌ಗಳೂ ಇದೇ ಜಾತಿ. ಆದರೆ ನೀರು ಸ್ವಲ್ಪ ಹುಳಿಯಾದರೆ ಈ ಮೊಂಡು ಸಂಯುಕ್ತಗಳೂ ಬಾಯಿ ಬಿಡುತ್ತವೆ. ಮಳೆನೀರು ಹುಳಿಯೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಬರುವ ಶುದ್ಧ ಮಳೆಯ ಪಿಎಚ್ ಸುಮಾರು 5.6.

ಪಟ್ಟಿಯ ಕೆಲಸ ನಿಂತಿರುವುದು ಇದರ ಮೇಲೆ. ಹೊಸ ಸತು ಬೆಳ್ಳಿಯಂತೆ ಹೊಳೆಯುತ್ತದೆ. ಕೆಲವು ತಿಂಗಳಲ್ಲಿ ಮಂಕಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಳಾಯಿತೆಂದು ಗಾಬರಿಪಡಬೇಡಿ. ಮೊದಲು ಆಕ್ಸೈಡ್, ಆಮೇಲೆ ಹೈಡ್ರಾಕ್ಸೈಡ್, ಗಾಳಿಯ ಇಂಗಾಲವೂ ಸೇರಿ ಹೈಡ್ರಾಕ್ಸಿ ಕಾರ್ಬೋನೇಟ್ ಆಗಿ ಒಂದು ತೆಳು ಪದರ ಕಟ್ಟುತ್ತದೆ. ಈ ಪದರ ಕೆಳಗಿನ ಲೋಹವನ್ನು ಕಾಯುತ್ತದೆ. ಪ್ರತಿ ಮಳೆಯೂ ಮೇಲಿನಿಂದ ಒಂದಿಷ್ಟು ಕರಗಿಸಿಕೊಂಡು ಹೋಗುತ್ತದೆ, ಒಣ ದಿನಗಳಲ್ಲಿ ಕೆಳಗಿನ ಲೋಹ ಆ ನಷ್ಟ ತುಂಬಿಕೊಡುತ್ತದೆ. ಯಾರೂ ಬಟನ್ ಒತ್ತಬೇಕಿಲ್ಲ, ಮಳೆ ಬಂದಾಗ ಮಾತ್ರ ಔಷಧ ಹೊರಬರುತ್ತದೆ. ಪಾಚಿ ಬೆಳೆಯುವುದೂ ಮಳೆ ಬಂದಾಗಲೇ. ಪಾಚಿಗೆ ಬೇರಿಲ್ಲ, ಎಲೆಗೆ ಮೇಣದ ಹೊದಿಕೆಯಿಲ್ಲ, ಎಲೆಯ ದಪ್ಪ ಸಾಮಾನ್ಯವಾಗಿ ಒಂದೇ ಜೀವಕೋಶ. ಮೇಲಿಂದ ಹರಿದ ನೀರಿನಲ್ಲಿ ಏನಿದೆಯೋ ಅದನ್ನು ನೇರವಾಗಿ ಹೀರಿಕೊಳ್ಳುತ್ತದೆ. ಅದಕ್ಕೇ ನಮ್ಮ ಕೈಗೆ ಏನೂ ಮಾಡದಷ್ಟು ತೆಳು ಸತು ಅದಕ್ಕೆ ಮಾರಕ.

ಅಡಿಕೆ ತೋಟದವರಿಗೆ ಈ ತಂತ್ರ ಬೇರೆ ಹೆಸರಿನಲ್ಲಿ ಗೊತ್ತೇ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತಕ್ಕೆ ಸುಣ್ಣ ಸೇರಿಸುವುದು ಏಕೆ? ಬರೀ ಮೈಲುತುತ್ತ ಹೊಡೆದರೆ ಗೊನೆ ಸುಡುತ್ತದೆ, ಮೊದಲ ಮಳೆಗೆ ತೊಳೆದೂ ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗದ ರೂಪಕ್ಕೆ ಬಂದು ಕಾಯಿಗೆ ಅಂಟಿ ಕೂರುತ್ತದೆ, ಮಳೆ ಹನಿದ ಹಾಗೆಲ್ಲ ಇಷ್ಟಿಷ್ಟೇ ತಾಮ್ರ ಬಿಡುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ಮಲೆನಾಡಿನ ತೋಟಗಳಲ್ಲಿ ನೆಲೆಗೊಳಿಸಿದ್ದು ಇದನ್ನೇ. ನಿಧಾನ ಬಿಡುಗಡೆ ಎಂಬ ಮಾತು ಆಗ ಬಳಕೆಯಲ್ಲಿತ್ತೋ ಇಲ್ಲವೋ, ಕೆಲಸವಂತೂ ಅದೇ.

ಲಂಡನ್ನಿನ ರಸಾಯನವಿಜ್ಞಾನಿ ಹಂಫ್ರಿ ಡೇವಿಗೆ ಇದೇ ಪಾಠ ಅಡ್ಡದಾರಿಯಿಂದ ಸಿಕ್ಕಿತು. 1824ರಲ್ಲಿ ಆತ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಸವೆಯದಂತೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದ. ತಾಮ್ರ ಉಳಿಯಿತು. ಆದರೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಕಳೆ ಮೆತ್ತಿಕೊಂಡವು. ತಾಮ್ರ ಸವೆಯುತ್ತಿದ್ದದ್ದೇ ಅವನ್ನು ದೂರ ಇಟ್ಟಿತ್ತು. ಸಿಯಾಟಲ್‌ನ ಲೇಕ್ ಯೂನಿಯನ್‌ನಲ್ಲಿ, ಶಿಲ್ಶೋಲ್ ಕೊಲ್ಲಿಯಲ್ಲಿ ಕಟ್ಟಿದ ದೋಣಿಗಳ ತಳದಲ್ಲಿ ಇವತ್ತಿಗೂ, ತಾನು ಸವೆದು ಬೇರೆ ಲೋಹವನ್ನು ಉಳಿಸುವ ಇಂಥ ಬಲಿ ಲೋಹದ ತುಂಡುಗಳಿರುತ್ತವೆ. ದೋಣಿ ಇಟ್ಟುಕೊಂಡವರು ನೆನಪಿಡಬೇಕಾದ್ದು ಇಷ್ಟು: ಸತು ಉಪ್ಪುನೀರಿಗೆ ಸರಿ. ಸಿಹಿನೀರಿನಲ್ಲಿ ಅದರ ಮೇಲೆ ಗಟ್ಟಿ ಪದರ ಕಟ್ಟಿ ಕೆಲಸ ನಿಲ್ಲಿಸಿಬಿಡುತ್ತದೆ. ಅಲ್ಲಿಗೆ ಮೆಗ್ನೀಸಿಯಂ ಬೇಕು, ಎರಡೂ ಕಡೆ ಓಡಾಡುವ ದೋಣಿಗೆ ಅಲ್ಯುಮಿನಿಯಂ ಆಗುತ್ತದೆ.

ಲೆಕ್ಕ ಹಾಕಿ ನೋಡೋಣ

ಪುಡಿಯ ಡಬ್ಬಿಯ ಮೇಲೆ ಸಾಮಾನ್ಯವಾಗಿ ಜಿಂಕ್ ಸಲ್ಫೇಟ್ ಮಾನೋಹೈಡ್ರೇಟ್ ಎಂದಿರುತ್ತದೆ. ಅದರಲ್ಲಿ ತೂಕದ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಅಂದರೆ ಒಂದು ಕಿಲೋದಲ್ಲಿ ಸುಮಾರು 360 ಗ್ರಾಂ ಸತು. ಪಶ್ಚಿಮ ವಾಷಿಂಗ್ಟನ್ನಿನ ಕಾರ್ಖಾನೆಗಳಿಂದ ಹೊರಹೋಗುವ ಮಳೆನೀರಿಗೆ ರಾಜ್ಯ ಇಟ್ಟಿರುವ ಸತುವಿನ ಗುರಿಮಟ್ಟ ಲೀಟರಿಗೆ 117 ಮೈಕ್ರೋಗ್ರಾಂ. ಆ 360 ಗ್ರಾಮನ್ನು ಈ ಮಟ್ಟಕ್ಕೆ ತೆಳುವಾಗಿಸಲು ಎಷ್ಟು ನೀರು ಬೇಕು? ಮೂವತ್ತು ಲಕ್ಷ ಲೀಟರ್. ಒಲಿಂಪಿಕ್ ಈಜುಕೊಳದ್ದೇ ಇಪ್ಪತ್ತೈದು ಲಕ್ಷ.

ಈಗ ಪಟ್ಟಿ. ಐವತ್ತು ಅಡಿ ಉದ್ದ, ಎರಡೂವರೆ ಅಂಗುಲ ಅಗಲದ ಒಂದು ಸುರುಳಿಯನ್ನು ಪೂರ್ತಿ ಬಿಚ್ಚಿದರೆ ಸುಮಾರು ಒಂದು ಚದರ ಮೀಟರ್. ಸ್ಟಾಕ್‌ಹೋಮಿನಲ್ಲಿ ವರ್ಷಾನುಗಟ್ಟಲೆ ಮಾಡಿದ ಅಳತೆಗಳ ಪ್ರಕಾರ ಸತುವಿನ ತಗಡಿನಿಂದ ಮಳೆಗೆ ತೊಳೆದುಹೋಗುವುದು ಚದರ ಮೀಟರಿಗೆ ವರ್ಷಕ್ಕೆ ಎರಡರಿಂದ ಮೂರೂವರೆ ಗ್ರಾಂ ಆಸುಪಾಸು. ಸಿಯಾಟಲ್ ಮಳೆಗೆ ತುಸು ಹೆಚ್ಚೇ ಇರಬಹುದು, ಇರಲಿ. ಒಂದು ಕಿಲೋ ಪುಡಿ ಒಂದೇ ಮಳೆಗೆ ಕೊಟ್ಟುಬಿಡುವಷ್ಟು ಸತುವನ್ನು ಬಿಡಲು ಈ ಪಟ್ಟಿಗೆ ನೂರು ವರ್ಷ ಬೇಕು.

ಹಾಗಾದರೆ ನಿಧಾನವಾದದ್ದೆಲ್ಲ ಒಳ್ಳೆಯದು ಎಂದು ತೀರ್ಮಾನಿಸಿಬಿಡಬೇಡಿ. ಅದೇ ದರವನ್ನು ಇಡೀ ಮಾಡಿಗೆ ಹಾಕಿ ನೋಡಿ. ನಮ್ಮೂರಿನಲ್ಲಿ ಜಿಂಕ್ ಶೀಟ್ ಎನ್ನುವ, ಬಣ್ಣ ಹೊಡೆಯದ ಸತುಲೇಪಿತ ತಗಡನ್ನು 150 ಚದರ ಮೀಟರಿಗೆ ಹೊದಿಸಿದರೆ ವರ್ಷಕ್ಕೆ ನಾನೂರೈವತ್ತು ಗ್ರಾಂ ಸತು ಹರಿದುಹೋಗುತ್ತದೆ, ಪ್ರತಿ ವರ್ಷವೂ. ಆ ಮಾಡಿನ ನೀರಿನಲ್ಲಿ ಸತುವಿನ ಪ್ರಮಾಣ ಲೀಟರಿಗೆ ಮೂರು ಸಾವಿರ ಮೈಕ್ರೋಗ್ರಾಂ, ಗುರಿಮಟ್ಟದ ಇಪ್ಪತ್ತೈದು ಪಟ್ಟಿಗೂ ಮೇಲೆ. ಪ್ಯೂಜೆಟ್ ಸೌಂಡ್ ಕೊಲ್ಲಿಗೆ ಸೇರುವ ವಿಷವಸ್ತುಗಳನ್ನು ಲೆಕ್ಕಹಾಕಿದ ರಾಜ್ಯದ ಪರಿಸರ ಇಲಾಖೆ ಸತುವಿನ ಮುಖ್ಯ ಮೂಲವೆಂದು ಬೊಟ್ಟು ಮಾಡಿದ್ದು ಮಾಡಿನ ಸಾಮಗ್ರಿಗಳ ಕಡೆಗೇ. ಗೋದಾಮು, ಕಾರ್ಖಾನೆ, ಹಳೆ ಶೆಡ್ಡುಗಳ ಬಣ್ಣವಿಲ್ಲದ ತಗಡು. ನಮ್ಮ ಮನೆಗಳ ಪಟ್ಟಿ ಇದರ ಮುಂದೆ ಏನೇನೂ ಅಲ್ಲ. ಶೆಡ್ಡಿಗೆ ತಗಡು ಹಾಕಿಸುವುದಿದ್ದರೆ ಕಾರ್ಖಾನೆಯಲ್ಲೇ ಬಣ್ಣದ ಲೇಪ ಕೊಟ್ಟದ್ದನ್ನು ತನ್ನಿ, ಅಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ.

ಲೀಟರಿಗೆ ಮೂರು ಸಾವಿರ ಮೈಕ್ರೋಗ್ರಾಂ ಎಂದರೆ ಮನುಷ್ಯರಿಗೆ ಏನೂ ಅಲ್ಲ. ಕುಡಿಯುವ ನೀರಿನಲ್ಲಿ ಐದು ಸಾವಿರದವರೆಗೆ ಇರಬಹುದೆಂದು ಅಮೆರಿಕವೂ ಹೇಳುತ್ತದೆ, ಭಾರತವೂ ಹೇಳುತ್ತದೆ. ಅದೂ ರುಚಿ ಕೆಡಬಾರದೆಂದು. ಮೀನಿನ ಕಥೆ ಬೇರೆ. ಮೀನು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಕಿವಿರುಗಳ ಮೂಲಕ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಸತುವಿನ ಅಯಾನು ಅದೇ ಬಾಗಿಲಲ್ಲಿ ಅಡ್ಡ ನಿಂತು ಕ್ಯಾಲ್ಸಿಯಂ ಒಳಹೋಗದಂತೆ ಮಾಡುತ್ತದೆ. ಗಡಸು ನೀರಾದರೆ ಕ್ಯಾಲ್ಸಿಯಂ ಸಾಕಷ್ಟಿದ್ದು ಪೈಪೋಟಿ ಕೊಡುತ್ತದೆ. ಕ್ಯಾಸ್ಕೇಡ್ ಬೆಟ್ಟಗಳಿಂದ ಇಳಿದು ಬರುವ ಇಲ್ಲಿನ ನೀರು ತೀರಾ ಮೆದು. ಬಯಲುಸೀಮೆಯ ಬಾವಿ ನೀರಿನಲ್ಲಿ ತಡೆಯಬಹುದಾದ ಸತು ಇಲ್ಲಿನ ತೊರೆಯಲ್ಲಿ ವಿಷ.

ಊರಿನಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಅವರನ್ನು ಇಸಕ್ವಾದ ಮೀನು ಮರಿಕೇಂದ್ರಕ್ಕೆ ಕರೆದೊಯ್ಯುತ್ತೇವೆ. 1936ರಲ್ಲಿ ಕಟ್ಟಿದ್ದು, ಊರ ನಡುವೆಯೇ ಇದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಮುದ್ರದಿಂದ ಹಿಂದಿರುಗಿದ ಚಿನೂಕ್, ಕೋಹೋ ಸಾಲ್ಮನ್‌ಗಳು ಬ್ಯಾಲರ್ಡ್ ಲಾಕ್ಸ್ ದಾಟಿ, ಲೇಕ್ ವಾಷಿಂಗ್ಟನ್, ಲೇಕ್ ಸಮಾಮಿಶ್ ಹಾದು ಈ ತೊರೆಗೆ ಬರುತ್ತವೆ. ಅಕ್ಟೋಬರಿನ ಮೊದಲ ವಾರಾಂತ್ಯ ಸಾಲ್ಮನ್ ಹಬ್ಬ. ಪ್ಯೂಜೆಟ್ ಸೌಂಡಿನ ಚಿನೂಕ್ 1999ರಿಂದ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಬೇಸಿಗೆಯಿಡೀ ಒಣಗಿದ ಮಾಡುಗಳ ಮೇಲೆ ಕೂತ ಲೋಹವನ್ನೆಲ್ಲ ಮೊದಲ ಮಳೆ ತೊಳೆದು ತರುವುದೂ ಇದೇ ದಿನಗಳಲ್ಲಿ. ಮನೆ ಮನೆಯಲ್ಲಿ ಪಾಚಿ ಪುಡಿ ಎರಚುವುದೂ ಆಗಲೇ. ಇದಕ್ಕಿಂತ ಕೆಟ್ಟ ಹೊಂದಾಣಿಕೆ ಬೇಕೆಂದರೂ ಸಿಗುವುದಿಲ್ಲ.

ಎಲ್ಲ ಪಾಪವನ್ನೂ ಸತುವಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ವೆಸ್ಟ್ ಸಿಯಾಟಲ್‌ನ ಲಾಂಗ್‌ಫೆಲೋ ತೊರೆಯಂಥ ಕಡೆ ಮಳೆ ಬಂದೊಡನೆ ಕೋಹೋಗಳು ಮೊಟ್ಟೆಯಿಡುವ ಮುಂಚೆಯೇ ಸಾಯುತ್ತಿದ್ದವು. ಲೋಹಗಳ ಮೇಲೂ ಬಹಳ ಕಾಲ ಅನುಮಾನವಿತ್ತು. 2020ರ ಡಿಸೆಂಬರಿನಲ್ಲಿ ಟಕೋಮಾ ಮತ್ತು ಪ್ಯುಆಲಪ್‌ನ ಸಂಶೋಧಕರು ನಿಜವಾದ ಕೊಲೆಗಾರನನ್ನು ಹಿಡಿದರು: ಕಾರಿನ ಟೈರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನಿನೊಡನೆ ಸೇರಿ ಆಗುವ ಕ್ವಿನೋನ್. ತಮಾಷೆಯೆಂದರೆ ಅದೇ ಟೈರಿನಲ್ಲಿ ರಬ್ಬರನ್ನು ಗಟ್ಟಿಗೊಳಿಸಲು ಸೇರಿಸಿದ ಜಿಂಕ್ ಆಕ್ಸೈಡ್ ಕೂಡ ಇರುತ್ತದೆ, ಸವೆದ ಪುಡಿಯೊಂದಿಗೆ ಅದೂ ರಸ್ತೆಯ ಮೇಲೆ ಉಳಿಯುತ್ತದೆ.

ಮಾಡಿನ ಕೆಲಸ ಹೀಗೆ ಮಾಡಿ

ಮೊದಲು ಬಿಸಿಲು ಬಿಡಿ. ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸಿ, ಸಂದಿಯಲ್ಲಿ ಸೇರಿದ ಫರ್, ಸೀಡರ್ ಎಲೆಯನ್ನು ಗುಡಿಸಿ. ಮರ ಕಡಿಯುವ ಮುನ್ನ ನಿಮ್ಮ ಊರಿನ ಮರಗಳ ನಿಯಮ, ಬಡಾವಣೆಯ ಸಂಘದ ನಿಯಮ ಎರಡನ್ನೂ ನೋಡಿಕೊಳ್ಳಿ, ಇಲ್ಲಿನವರು ಮರದ ವಿಷಯದಲ್ಲಿ ಬಿಗಿ. ವರ್ಷಕ್ಕೊಮ್ಮೆ ಇಷ್ಟು ಮಾಡಿದ ಮನೆಗೆ ಎಷ್ಟೋ ಸಲ ರಾಸಾಯನಿಕವೇ ಬೇಡ.

ಬೆಳೆದ ಪಾಚಿಯನ್ನು ಮೆತ್ತನೆ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯಬೇಕು. ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಶಿಂಗಲ್ ಕಿತ್ತು ಬರುತ್ತದೆ. ಪ್ರೆಷರ್ ವಾಷರ್ ಬೇಡವೇ ಬೇಡ. ಕಣ್ಣಿಗೆ ಮಾಡು ಹೊಸದಾಗಿ ಕಾಣುತ್ತದೆ, ಹರಳೆಲ್ಲ ಗಟರಿನಲ್ಲಿರುತ್ತದೆ, ಕಂಪನಿಯ ವಾರಂಟಿಯೂ ಹೋಗಬಹುದು. ಹಸಿ ಪಾಚಿಯ ಮೇಲೆ ಕಾಲಿಟ್ಟರೆ ಜಾರುವುದು ಗ್ಯಾರಂಟಿ. ಹಗ್ಗ, ಬೆಲ್ಟು ಇಲ್ಲದೆ ಹತ್ತಬೇಡಿ, ಎರಡಂತಸ್ತಿನ ಮನೆಯಾದರೆ ನೀವು ಹತ್ತಲೇಬೇಡಿ.

ಪಾಚಿ ತೆಗೆದ ಮೇಲೆ ಪಟ್ಟಿ. ಕ್ರಮ ತಿರುಗಿಸಬೇಡಿ, ಪಟ್ಟಿ ಹೊಸ ಪಾಚಿಯನ್ನು ತಡೆಯುತ್ತದೆಯೇ ಹೊರತು ಅಂಗೈ ದಪ್ಪದ ಹಳೆ ಮೆತ್ತೆಯನ್ನು ಕೊಲ್ಲುವುದಿಲ್ಲ. ಕೊಳ್ಳುವಾಗ ಗಟ್ಟಿ ಸತುವಿನದೇ ಎಂದು ಖಚಿತಪಡಿಸಿಕೊಳ್ಳಿ. ಸತು ಲೇಪಿಸಿದ ಉಕ್ಕಿನ ಪಟ್ಟಿಯಲ್ಲಿ ಸತುವಿನ ದಪ್ಪ ಕೂದಲೆಳೆಯ ಅರ್ಧದಷ್ಟೂ ಇರುವುದಿಲ್ಲ. ಅದು ಮುಗಿದ ಮೇಲೆ ಉಳಿಯುವುದು ತುಕ್ಕು. ಮಾಡಿನ ನೆತ್ತಿಯ ಎರಡೂ ಮಗ್ಗುಲಲ್ಲಿ, ನೆತ್ತಿಯ ಶಿಂಗಲ್‌ನ ಅಡಿ ಒಂದು ಅಂಚು ತೂರಿಸಿ, ಎರಡು ಅಂಗುಲವಾದರೂ ಮಳೆಗೆ ತೆರೆದಿರುವಂತೆ ಕೂರಿಸಬೇಕು. ಪೂರ್ತಿ ಒಳಗೆ ಸೇರಿಸಿದರೆ ನೀರು ತಾಗದು, ಸತು ಕರಗದು. ಪರಿಣಾಮ ಕೆಳಕ್ಕೆ ಹತ್ತು ಹದಿನೈದು ಅಡಿಯವರೆಗೆ. ಇಳಿಜಾರು ಅದಕ್ಕಿಂತ ಉದ್ದವಿದ್ದರೆ ನಡುವೆ ಇನ್ನೊಂದು ಸಾಲು ಬೇಕಾಗುತ್ತದೆ. ರಬ್ಬರ್ ವಾಷರ್ ಇರುವ ಸ್ಕ್ರೂ ಬಳಸಿ. ತಾಮ್ರದ ಮೊಳೆ ಸಲ್ಲ. ಕೆಲವರು ಸತುವಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು ತಾಮ್ರದ ಪಟ್ಟಿ ಹಾಕಿಸುತ್ತಾರೆ. ಪಾಚಿಯ ಮಟ್ಟಿಗೆ ನಿಜವೇ. ಆದರೆ ತಾಮ್ರ ಸಾಲ್ಮನ್‌ಗೆ ಸತುವಿಗಿಂತ ಹೆಚ್ಚು ಅಪಾಯ, ತಾಮ್ರ ಕರಗಿದ ನೀರು ಸತುಲೇಪಿತ ಗಟರನ್ನು ಬೇಗ ತಿನ್ನುತ್ತದೆ. ಈ ರಾಜ್ಯ 2010ರಲ್ಲೇ ಕಾರಿನ ಬ್ರೇಕ್ ಪ್ಯಾಡ್‌ನ ತಾಮ್ರಕ್ಕೆ ಕಡಿವಾಣ ಹಾಕಿದ್ದು ಇದೇ ಮೀನುಗಳಿಗಾಗಿ.

ಪುಡಿ ಅನಿವಾರ್ಯವೆನಿಸಿದರೆ? ನನ್ನ ಮಟ್ಟಿಗೆ ಹೇಳುವುದಾದರೆ ಮೊದಲು ಸಾಬೂನಿನ ಜಾತಿಯ ಪಾಚಿನಾಶಕ ನೋಡಿ. ಲೇಬಲ್ ಮೇಲೆ ಕೊಬ್ಬಿನಾಮ್ಲಗಳ ಪೊಟ್ಯಾಸಿಯಂ ಲವಣ ಎಂದಿರುತ್ತದೆ. ಅದು ಕೊಳೆತು ಹೋಗುತ್ತದೆ. ಸತು ಲೋಹ, ಎಲ್ಲಿಯೂ ಕೊಳೆಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಜಿಂಕ್ ಸಲ್ಫೇಟನ್ನೇ ಬಳಸುವುದಾದರೆ ಇಡೀ ಮಾಡಿಗೆ ಎರಚಬೇಡಿ, ಪಾಚಿಯಿರುವ ತೇಪೆಗಳಿಗೆ ಮಾತ್ರ. ಜೋರು ಮಳೆಯ ಮುನ್ಸೂಚನೆ ಇರುವ ದಿನ ಬೇಡ. ಕಣ್ಣಿಗೆ ಕನ್ನಡಕ ಕಡ್ಡಾಯ, ಈ ಪುಡಿ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಕೆಳಗಿರುವ ಜರಿಗಿಡ, ರೋಡೊಡೆಂಡ್ರಾನ್, ನಿಮ್ಮ ಕರಿಬೇವಿನ ಕುಂಡ ಎಲ್ಲವನ್ನೂ ಮುಚ್ಚಿ ಅಥವಾ ಸರಿಸಿ. ಹುಲ್ಲುಹಾಸಿನ ಪಾಚಿಗೆ ಇದನ್ನು ಬಳಸುವ ಹಾಗಿಲ್ಲ, ಅದಕ್ಕೆ ಬೇರೆಯದೇ ಕಬ್ಬಿಣದ ಸಲ್ಫೇಟ್ ಇದೆ. ಅದನ್ನು ಕಾಂಕ್ರೀಟಿನ ಮೇಲೆ ಚೆಲ್ಲಿದರೆ ತುಕ್ಕಿನ ಕಲೆ ಕೂರುತ್ತದೆ. ಅಮೆರಿಕದ ಕಾನೂನಿನ ಕಣ್ಣಿನಲ್ಲಿ ಪಾಚಿನಾಶಕವೂ ಕೀಟನಾಶಕದ ಸಾಲಿಗೇ ಸೇರುತ್ತದೆ. ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಹಾಕುವುದು ಕಾನೂನು ಮುರಿದಂತೆ. ಬಾಗಿಲು ತಟ್ಟಿ ಅಗ್ಗಕ್ಕೆ ಮಾಡಿಕೊಡುತ್ತೇನೆನ್ನುವ ಗುತ್ತಿಗೆದಾರನಿಗೆ ರಾಜ್ಯ ಕೃಷಿ ಇಲಾಖೆಯ ಸಿಂಪಡಣೆ ಪರವಾನಗಿ ಇದೆಯೇ ಎಂದು ಕೇಳಿ. ತಡವರಿಸಿದರೆ ಕಳಿಸಿಬಿಡಿ.

ನೀರು ಎಲ್ಲಿಗೆ ಹೋಗುತ್ತದೆ?

ಗಟರಿನಿಂದ ಇಳಿಯುವ ಪೈಪನ್ನು ಒಮ್ಮೆ ಹಿಂಬಾಲಿಸಿ ನೋಡಿ. ಹಳೆ ಸಿಯಾಟಲ್‌ನ ಕೆಲವು ಭಾಗಗಳಲ್ಲಿ ಮಳೆನೀರು, ಕೊಳಚೆನೀರು ಒಂದೇ ಕೊಳವೆಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತವೆ. ನಮ್ಮವರು ಹೆಚ್ಚಿರುವ ಹೊಸ ಬಡಾವಣೆಗಳಲ್ಲಿ ಮಳೆನೀರಿನ ಚರಂಡಿ ಬೇರೆ. ಅದು ಕೊಳಕ್ಕೋ ತೊರೆಗೋ ಸೇರುತ್ತದೆ, ನಡುವೆ ಲೋಹವನ್ನು ತೆಗೆಯುವ ಘಟಕ ಇರುವುದಿಲ್ಲ.

ಸತುವನ್ನು ಹಿಡಿದಿಡಲು ದುಬಾರಿ ಯಂತ್ರ ಬೇಕಿಲ್ಲ. ಕೊಳೆತ ಎಲೆಗೊಬ್ಬರ, ತೊಗಟೆ ಚೂರು, ಜೇಡಿಯ ಅಂಶವಿರುವ ಮಣ್ಣು ಸತುವಿನ ಅಯಾನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಈ ರಾಜ್ಯದ ದಕ್ಷಿಣ ಅಂಚಿನ ವ್ಯಾಂಕೂವರ್ ಬಂದರಿನಲ್ಲಿ ದೊಡ್ಡ ದೊಡ್ಡ ಗೋದಾಮುಗಳ ತಗಡಿನ ಮಾಡಿನಿಂದ ಸತು ಹರಿಯುತ್ತಿತ್ತು. ಅಲ್ಲಿನ ಪರಿಸರ ವಿಭಾಗದ ಮ್ಯಾಟ್ ಗ್ರೇವ್ಸ್ ಮತ್ತು ಮೇರಿ ಮ್ಯಾಟಿಕ್ಸ್ ಎಂಬಿಬ್ಬರು ಒಂದು ಪೀಪಾಯಿಯಲ್ಲಿ ಕೆಳಗೆ ಜಲ್ಲಿ, ಅದರ ಮೇಲೆ ಸಣ್ಣ ಕಲ್ಲು, ಮರಳು, ಗೊಬ್ಬರ ಬೆರೆಸಿದ ಮಣ್ಣು, ಮೇಲೆ ತೊಗಟೆ ಹಾಸಿ, ಜೊಂಡು ನೆಟ್ಟು, ಪೈಪಿನ ಬಾಯಿಗಿಟ್ಟರು. ಹೊರಬಂದ ನೀರಿನಲ್ಲಿ ಸತುವಿನ ಬಹುಪಾಲು ಇರಲಿಲ್ಲ. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ಗ್ರಾಟಿಕ್ಸ್ ಎಂದು ಕರೆಯುತ್ತಾರೆ. ನಕ್ಷೆಯನ್ನು ಬಂದರು ಎಲ್ಲರಿಗೂ ಬಿಟ್ಟುಕೊಟ್ಟಿದೆ. 55 ಗ್ಯಾಲನ್ನಿನ ಡ್ರಮ್ ಒಂದಿದ್ದರೆ ವಾರಾಂತ್ಯದ ಕೆಲಸ, ಮಕ್ಕಳ ವಿಜ್ಞಾನ ಪ್ರಾಜೆಕ್ಟಿಗೂ ಆದೀತು. ಜಾಗವಿದ್ದವರು ಮಾಡಿನ ನೀರನ್ನು ಮಣ್ಣಿಗೆ ಇಂಗಿಸುವ ಮಳೆತೋಟ ಮಾಡಬಹುದು. ಸಿಯಾಟಲ್ ನಗರ ಮತ್ತು ಕಿಂಗ್ ಕೌಂಟಿಯ ರೈನ್‌ವೈಸ್ ಯೋಜನೆಯಲ್ಲಿ ಕೆಲವು ನಿಗದಿತ ಪ್ರದೇಶಗಳ ಮನೆಗಳಿಗೆ ಇದಕ್ಕೆ ಹಣವೂ ವಾಪಸು ಸಿಗುತ್ತದೆ. ಒಂದು ಎಚ್ಚರಿಕೆ: ಪಾಚಿಪುಡಿ ಹಾಕಿದ ಮಾಡಿನ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮೆಂತ್ಯ, ಕೊತ್ತಂಬರಿಗೆ ಹಾಕಬೇಡಿ.

ಹಿತ್ತಲ ತೋಟಕ್ಕೆ ಸತು ಬೇಕೇ?

ಊರಿನಲ್ಲಿ ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುವುದನ್ನು ಕಂಡವರು ಇಲ್ಲಿಯೂ ಟೊಮೇಟೊ ಮಡಿಗೆ ಹಾಕಲು ಹೊರಡುತ್ತಾರೆ. ಕರ್ನಾಟಕದಲ್ಲಿ ಅದು ಸರಿ. 2009ರಲ್ಲಿ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಶುರುವಾದ ಭೂಚೇತನ ಯೋಜನೆಯಲ್ಲಿ ಹೊಲಹೊಲದ ಮಣ್ಣು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತು. ಸುಣ್ಣದಂಶದ ಕಪ್ಪು ಮಣ್ಣಿನಲ್ಲಿ ಹಾಕಿದ ಸತುವೂ ಕರಗದ ರೂಪಕ್ಕೆ ತಿರುಗಿ ಬೇರಿಗೆ ಸಿಗದಂತೆ ಕೂರುತ್ತದೆ. ಪಶ್ಚಿಮ ವಾಷಿಂಗ್ಟನ್ನಿನ ಮಣ್ಣು ಹುಳಿ. ಇದ್ದ ಸತು ಸಲೀಸಾಗಿ ಗಿಡಕ್ಕೆ ಸಿಗುತ್ತದೆ. ಇಲ್ಲಿ ಕೊರತೆ ಬಂದರೆ ಸುಣ್ಣವನ್ನೋ ರಂಜಕವನ್ನೋ ಅತಿಯಾಗಿ ಸುರಿದಿರಬೇಕು. ಕಿಂಗ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ತನ್ನ ವ್ಯಾಪ್ತಿಯ ನಿವಾಸಿಗಳಿಗೆ ಮಣ್ಣು ಪರೀಕ್ಷೆ ಮಾಡಿಸಿಕೊಡುತ್ತದೆ, ಆಮೇಲೆ ಗೊಬ್ಬರದ ಮಾತು. ಬೆಟ್ಟದಾಚೆ ಯಾಕಿಮಾ ಕಡೆಯ ಸೇಬಿನ ತೋಟಗಳಲ್ಲಿ ಮಾತ್ರ ಸತುವಿನ ಕೊರತೆ ನಿಜವಾದ ಸಮಸ್ಯೆ.

ಅಂಗಡಿಯಲ್ಲಿ ನಿಧಾನ ಬಿಡುಗಡೆಯ ಸತು ಎಂದು ಹರಳಿನ ಗೊಬ್ಬರ ಕಂಡರೆ ಅದು ಹಲವು ಸಲ ಜಿಂಕ್ ಆಕ್ಸಿಸಲ್ಫೇಟ್. ಜಿಂಕ್ ಆಕ್ಸೈಡಿಗೆ ಅರೆಬರೆ ಗಂಧಕಾಮ್ಲ ಹಾಕಿ ಮಾಡಿದ್ದು. ಆಮ್ಲ ತಾಗಿದಷ್ಟು ಭಾಗ ಈಗಲೇ ಕರಗುತ್ತದೆ, ಉಳಿದದ್ದು ಎಂದೋ. ಕೊಲರಾಡೊದ ಪ್ರಯೋಗಗಳು ಕಂಡುಕೊಂಡ ಪ್ರಕಾರ ಹರಳಿನಲ್ಲಿರುವ ಸತುವಿನ ಶೇಕಡಾ 40ರಿಂದ 50ರಷ್ಟಾದರೂ ನೀರಿನಲ್ಲಿ ಕರಗುವಂತಿರಬೇಕು, ಇಲ್ಲವಾದರೆ ಈ ವರ್ಷದ ಬೆಳೆಗೆ ಉಪಯೋಗವಿಲ್ಲ. ನಿಧಾನ ಎನ್ನುವ ಹೆಸರಿನಲ್ಲಿ ಕೆಲಸಕ್ಕೆ ಬಾರದ್ದನ್ನೂ ಮಾರಬಹುದು.

ಸತುವಿನ ಗೊಬ್ಬರದ ಕಚ್ಚಾವಸ್ತು ಬರುವುದು ಎಲ್ಲಿಂದ? ಈ ಪ್ರಶ್ನೆಯನ್ನು ದೇಶಕ್ಕೆ ಕೇಳಿಸಿದ್ದು ಸಿಯಾಟಲ್. ಉಕ್ಕಿನ ಕುಲುಮೆಗಳ ಹೊಗೆಬೂದಿಯಲ್ಲಿ ಸತುವಿನ ಜೊತೆಗೆ ಸೀಸ, ಕ್ಯಾಡ್ಮಿಯಂ ಕೂಡ ಇರುತ್ತದೆ. ಅಂಥ ಬೂದಿಯೂ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು, ಅದೂ ಕಾನೂನುಬದ್ಧವಾಗಿಯೇ. ಕ್ವಿನ್ಸಿ ಎಂಬ ಪುಟ್ಟ ಊರಿನ ಮೇಯರ್ ಪ್ಯಾಟಿ ಮಾರ್ಟಿನ್ ಇದರ ಬೆನ್ನು ಹತ್ತಿದರು. 1997ರಲ್ಲಿ ಸಿಯಾಟಲ್ ಟೈಮ್ಸ್‌ನ ಡಫ್ ವಿಲ್ಸನ್ ಸರಣಿ ವರದಿ ಬರೆದರು. ಮರುವರ್ಷವೇ ವಾಷಿಂಗ್ಟನ್ ಗೊಬ್ಬರದಲ್ಲಿನ ಭಾರಲೋಹಗಳಿಗೆ ಮಿತಿ ಹಾಕುವ ಕಾನೂನು ತಂದಿತು, 2002ರಲ್ಲಿ ಕೇಂದ್ರದ ಪರಿಸರ ಸಂಸ್ಥೆಯೂ ಮರುಬಳಕೆಯ ಸತು ಗೊಬ್ಬರಕ್ಕೆ ನಿಯಮ ಮಾಡಿತು. ಇವತ್ತು ಈ ರಾಜ್ಯದಲ್ಲಿ ಮಾರುವ ಗೊಬ್ಬರದ ಲೋಹದ ಪ್ರಮಾಣವನ್ನು ಕೃಷಿ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಐದು ನಿಮಿಷದ ಕೆಲಸ, ಮಾಡಿ.

ಹೊಟ್ಟೆಗೆ ತೆಗೆದುಕೊಳ್ಳುವ ಸತುವಿಗೂ ವೇಗದ ಮಾತು ಅನ್ವಯಿಸುತ್ತದೆ. ಶೀತಕ್ಕೆ ಚೀಪುವ ಸತುವಿನ ಮಾತ್ರೆಯನ್ನು ಬಾಯಲ್ಲಿ ನಿಧಾನವಾಗಿ ಕರಗಿಸಬೇಕು. ಮೂಗಿಗೆ ಹಚ್ಚುವ ಸತುವಿನ ಜೆಲ್‌ನಿಂದ ವಾಸನೆಯ ಶಕ್ತಿಯೇ ಹೋಗಬಹುದೆಂದು ಅಮೆರಿಕದ ಔಷಧ ಸಂಸ್ಥೆ 2009ರಲ್ಲಿ ಎಚ್ಚರಿಸಿತು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಗಂಡಸರಿಗೆ 11, ಹೆಂಗಸರಿಗೆ 8 ಮಿಲಿಗ್ರಾಂ. ಮೇಲಿನ ಮಿತಿ 40. ಐವತ್ತು ಮಿಲಿಗ್ರಾಂ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ದೇಹದ ತಾಮ್ರ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ನಿಜವಾದ ತೊಡಕು ರಾಗಿ, ಕಾಳುಗಳಲ್ಲಿನ ಫೈಟೇಟ್. ಅದು ಸತುವನ್ನು ಬಿಗಿಹಿಡಿದು ದೇಹಕ್ಕೆ ಬಿಡುವುದಿಲ್ಲ. ನೆನೆಸಿ ಮೊಳಕೆ ಕಟ್ಟಿದರೆ, ಹುದುಗು ಬರಿಸಿದರೆ ಆ ಹಿಡಿತ ಸಡಿಲುತ್ತದೆ. ಮಾತ್ರೆಗಿಂತ ಮೊದಲು ಅಜ್ಜಿಯ ರಾಗಿ ಹಿಟ್ಟು ಮಾಡುವ ಕ್ರಮ ನೆನಪಿಸಿಕೊಳ್ಳಿ.

ಕೊನೆಗೆ ಮತ್ತೆ ಪುಡಿಯ ಮಾತು. ಗ್ಯಾರೇಜಿನ ಮೂಲೆಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಅರ್ಧ ಡಬ್ಬಿ ಪಾಚಿಪುಡಿ ಇದ್ದರೆ ಚರಂಡಿಗೂ ಹಾಕಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಬೆಲ್ವ್ಯೂವಿನ ಫ್ಯಾಕ್ಟೋರಿಯಾ ಕೇಂದ್ರದಲ್ಲಿ ಮನೆಯ ಅಪಾಯಕಾರಿ ಕಸ ತೆಗೆದುಕೊಳ್ಳುತ್ತಾರೆ. ಕಿಂಗ್ ಕೌಂಟಿಯ ನಿವಾಸಿಗಳು ಅದಕ್ಕೆ ಬೇರೆ ಶುಲ್ಕ ಕೊಡಬೇಕಿಲ್ಲ. ಡಬ್ಬಿಯನ್ನು ಅದರ ಲೇಬಲ್ ಸಮೇತ, ಮುಚ್ಚಳ ಬಿಗಿದು ಒಯ್ಯಿರಿ. ಹೊರಡುವ ಮುನ್ನ ಕೇಂದ್ರ ತೆರೆದಿರುವ ದಿನ ನೋಡಿಕೊಳ್ಳಿ.